ಮೃತರಿಗೂ ನಿಮಗೂ ಏನು ಸಂಬಂಧ?

ಬ್ಯಾಂಕಿನಲ್ಲಿ ಮೂರು ದಶಕ ಕಳೆದವನಿಗೆ ಫಾರಂ ಎಂದರೆ ಭಯವಿರುವುದಿಲ್ಲ. ಸಾಲದ ಫಾರಂ, ಲಾಕರಿನ ಫಾರಂ, ಕೆವೈಸಿ ಫಾರಂ, ಎಲ್ಲವನ್ನೂ ಕಣ್ಣುಮುಚ್ಚಿ ತುಂಬಿಸಬಲ್ಲೆ. ಆದರೆ ಒಂದು ಫಾರಂ ಮಾತ್ರ ಇವತ್ತಿಗೂ ನನ್ನ ಕೈ ಹಿಡಿದು ನಿಲ್ಲಿಸುತ್ತದೆ. ಖಾತೆದಾರರು ತೀರಿಕೊಂಡಾಗ ಮನೆಯವರು ಕೊಡಬೇಕಾದ ಕ್ಲೇಮ್ ಫಾರಂ ಅದು. ಹೆಸರು, ವಯಸ್ಸು, ವಿಳಾಸ ಎಲ್ಲ ಆದಮೇಲೆ ಒಂದು ಕಾಲಂ ಬರುತ್ತದೆ: ‘ಮೃತರೊಂದಿಗಿನ ಸಂಬಂಧ’.

ಹೆಚ್ಚಿನವರು ಸರಸರನೆ ಬರೆಯುತ್ತಾರೆ. ಹೆಂಡತಿ, ಮಗ, ಮಗಳು. ಆಗೊಮ್ಮೆ ಈಗೊಮ್ಮೆ ಯಾರೋ ಒಬ್ಬರು ಆ ಕಾಲಮ್ಮಿನ ಮುಂದೆ ಪೆನ್ನು ಹಿಡಿದು ಸುಮ್ಮನೆ ಕೂತುಬಿಡುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ, "ಸರ್, ಇಲ್ಲಿ ಏನು ಬರೀಲಿ?" ಆಗ ನನಗೆ ಅರ್ಥವಾಗುತ್ತದೆ. ಇವರು ಎರಡು ಮನೆ ಸೇರಿ ಆದ ಒಂದು ಮನೆಯವರು.

ಇಂಥ ಮನೆಯೊಂದು ನನ್ನ ಸ್ವಂತ ಬಳಗದಲ್ಲೇ ಇದೆ. ಅದರ ಬಗ್ಗೆ ಬರೆಯಬೇಕೆಂದು ತುಂಬಾ ದಿನಗಳಿಂದ ಅಂದುಕೊಂಡಿದ್ದೆ. ಅವರೆಲ್ಲರ ಒಪ್ಪಿಗೆ ಕೇಳಿಕೊಂಡು ಈಗ ಬರೆಯುತ್ತಿದ್ದೇನೆ. ಹೆಸರು ಬರೆಯಬೇಡ ಎಂದರು, ಬರೆಯುವುದಿಲ್ಲ.

ನನ್ನ ದೊಡ್ಡಪ್ಪನ ಮಗಳು, ನಾವೆಲ್ಲ ಅಕ್ಕ ಎನ್ನುವವಳು, 1988ರಲ್ಲಿ ಗಂಡನನ್ನು ಕಳೆದುಕೊಂಡಳು. ಆಗ ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ ಆರು ವರ್ಷದ ಮಗ, ಎರಡು ವರ್ಷದ ಮಗಳು. ಐದು ವರ್ಷ ಕಳೆದ ಮೇಲೆ, 1993ರಲ್ಲಿ, ಊರ ಕಡೆಯ ಹಿರಿಯರೊಬ್ಬರು ಸಂಬಂಧ ತಂದರು. ಗಂಡು ಕುಂದಾಪುರದ ಕಡೆಯವರು, ಮುಂಬಯಿಯಲ್ಲೇ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಅವರ ಹೆಂಡತಿ ಕಾಮಾಲೆಯಾಗಿ ತೀರಿಕೊಂಡು ಮೂರು ವರ್ಷವಾಗಿತ್ತು. ಎಂಟು ವರ್ಷದ ಒಬ್ಬಳೇ ಮಗಳು. ದೇವಸ್ಥಾನವೊಂದರಲ್ಲಿ ಇಪ್ಪತ್ತು ಜನರೆದುರು ಮದುವೆಯಾಯಿತು. ಬಂದವರಲ್ಲಿ ಅರ್ಧ ಜನ ಮದುವೆಯೂಟ ಉಂಡು, ಹೊರಗೆ ಬಂದು, "ಮಕ್ಕಳ ಗತಿ ಏನೋ" ಎಂದು ಲೊಚಗುಟ್ಟಿದರು. ಸುಳ್ಳೇಕೆ, ನಾನೂ ಅವರಲ್ಲೊಬ್ಬ. ಆಗ ನನಗೆ ಇಪ್ಪತ್ತಾರು ವರ್ಷ, ಜಗತ್ತೆಲ್ಲ ತಿಳಿದಿದೆ ಎಂಬ ವಯಸ್ಸು.

ಅಕ್ಕನ ಮಕ್ಕಳು ಆ ಮನುಷ್ಯನನ್ನು ಅಪ್ಪ ಎನ್ನಲಿಲ್ಲ. ಪಕ್ಕದ ಮರಾಠಿ ಮನೆಯ ಮಕ್ಕಳು ಕರೆದ ಹಾಗೆ ‘ಕಾಕಾ’ ಎಂದು ಕರೆದರು, ಅದೇ ನಿಂತುಬಿಟ್ಟಿತು. ಅವರ ಮಗಳು ಅಕ್ಕನನ್ನು ‘ಚಿಕ್ಕಮ್ಮ’ ಎಂದಳು. ಭಾವ ಯಾರನ್ನೂ ತಿದ್ದಲಿಲ್ಲ. "ಕರೆದರೆ ಸಾಕು, ಏನಾದರೂ ಕರೀಲಿ" ಎನ್ನುತ್ತಿದ್ದರು. ಮೂರೂ ಮಕ್ಕಳ ಸ್ಕೂಲ್ ಫೀಸಿನ ರಸೀದಿಗಳನ್ನು ಒಂದೇ ಪಿನ್ನಿಗೆ ಚುಚ್ಚಿಡುತ್ತಿದ್ದ ಮನುಷ್ಯ.

2009ರಲ್ಲಿ ನಿವೃತ್ತರಾದಾಗ ಪಿಎಫ್ ದುಡ್ಡಿನಲ್ಲಿ ಮರವಂತೆಯಲ್ಲಿ ಹತ್ತು ಸೆಂಟ್ಸ್ ಜಾಗದ ಮೇಲೆ ಒಂದು ಪುಟ್ಟ ಮನೆ ಕಟ್ಟಿಸಿದರು. ಮರವಂತೆ ಗೊತ್ತಲ್ಲ? ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ. ಮನೆಯೆಂದರೆ ಎರಡು ಕೋಣೆ, ಒಂದು ಚಾವಡಿ, ಒಂದೇ ಬಚ್ಚಲು. ಚಾವಡಿಯಲ್ಲಿ ಕೂತರೆ ತೆಂಗಿನ ಮರಗಳ ನಡುವೆ ನೀರು ಕಾಣುತ್ತದೆ. ಮಳೆಗಾಲದಲ್ಲಿ ಕಡಲ ಸದ್ದಿಗೆ ಟೀವಿ ಕೇಳಿಸುವುದಿಲ್ಲ. ಅಲ್ಲಿ ಆರು ತಿಂಗಳು, ಡೊಂಬಿವಲಿಯಲ್ಲಿ ಆರು ತಿಂಗಳು ಎಂದು ಗಂಡ ಹೆಂಡತಿ ಮತ್ಸ್ಯಗಂಧ ರೈಲಿನಲ್ಲಿ ಓಡಾಡಿಕೊಂಡಿದ್ದರು.

2022ರ ನವೆಂಬರಿನಲ್ಲಿ, ಒಂದು ಬೆಳಿಗ್ಗೆ, ಅದೇ ಚಾವಡಿಯಲ್ಲಿ ಕಾಫಿ ಲೋಟ ಕೈಯಲ್ಲಿದ್ದ ಹಾಗೆಯೇ ಭಾವ ಹೋಗಿಬಿಟ್ಟರು. ಎಪ್ಪತ್ತೊಂದು ವರ್ಷ.

ಆ ಹೊತ್ತಿಗೆ ರಜೆಯ ಮೇಲೆ ಊರಿಗೆ ಹೋಗಿದ್ದ ನಾನು ಒಂದು ಗಂಟೆಯೊಳಗೆ ಅಲ್ಲಿದ್ದೆ. ಭಾವನ ಮಗಳು ಎರಡು ದಿನದ ಹಿಂದಷ್ಟೇ ಪುಣೆಯಿಂದ ಬಂದು ಅಲ್ಲೇ ಇದ್ದಳು. ಅಕ್ಕನ ಮಗನಿಗೆ ಮುಂಬಯಿಯಿಂದ ವಿಮಾನದಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಕಾರು ಹಿಡಿದು ಬರಬೇಕು. ಮಧ್ಯಾಹ್ನ ಮೂರಾದರೂ ಆಗುತ್ತದೆ. ಅಂಗಳದಲ್ಲಿ ಪಿಸುಮಾತು ಶುರುವಾಯಿತು. ಬೆಂಕಿ ಕೊಡುವವರು ಯಾರು? ಭಾವನಿಗೆ ಗಂಡುಮಕ್ಕಳಿಲ್ಲ. ದಾಯಾದಿಗಳಲ್ಲಿ ತಮ್ಮನ ಮಗನಿದ್ದಾನೆ, ಅವನೇ ಕೊಡಲಿ, ತಡಮಾಡುವುದು ಬೇಡ ಎಂದು ಹಿರಿಯರು ಹೆಚ್ಚುಕಡಿಮೆ ತೀರ್ಮಾನ ಮಾಡಿಬಿಟ್ಟಿದ್ದರು.

ಒಳಗಿನಿಂದ ಭಾವನ ಮಗಳು ಹೊಸ್ತಿಲಿಗೆ ಬಂದು ನಿಂತಳು. "ಅಣ್ಣ ಬರಲಿ" ಎಂದಳು. ಅಷ್ಟೇ.

ಇಪ್ಪತ್ತೊಂಬತ್ತು ವರ್ಷ ಆ ಹುಡುಗನನ್ನು ಹೆಸರು ಹಿಡಿದು ಕರೆದವಳು ಅವಳು. ಅಣ್ಣ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಲ್ಲರೂ ಕಾದರು.

ಈಗ ಸೂತಕದ ಲೆಕ್ಕ ಕೇಳಿ. ಲೆಕ್ಕ ನನ್ನ ಕಸುಬಾದ್ದರಿಂದ ನನಗೆ ಇದು ಮರೆಯುವುದೇ ಇಲ್ಲ. ಐದು ವರ್ಷಕ್ಕೊಮ್ಮೆ ಮದುವೆಮನೆಯಲ್ಲಿ ಸಿಗುತ್ತಿದ್ದ ದಾಯಾದಿಗಳಿಗೆ ಹತ್ತು ದಿನ ಸೂತಕ. ಹೆತ್ತ ಮಗಳು ಮದುವೆಯಾಗಿ ಗೋತ್ರ ಬದಲಾಗಿದ್ದರಿಂದ ಅವಳಿಗೆ ಮೂರೇ ದಿನ. ಇನ್ನು ಕಾಕಾನ ಹೆಗಲ ಮೇಲೆ ಕೂತು ಜುಹೂ ಬೀಚು ನೋಡಿದ, ಕಾಕಾ ಆಸ್ಪತ್ರೆಗೆ ಸೇರಿದಾಗ ಹದಿನಾಲ್ಕು ರಾತ್ರಿ ಬೆಂಚಿನ ಮೇಲೆ ಮಲಗಿದ ಅಕ್ಕನ ಮಕ್ಕಳಿಗೆ? ಅವರ ಗೋತ್ರವೇ ಬೇರೆ. ಪುಸ್ತಕದ ಪ್ರಕಾರ ಆ ಹತ್ತು ದಿನ ಅವರದ್ದಲ್ಲ. ಒಬ್ಬ ಹಿರಿಯರು ಸಹಾನುಭೂತಿಯಿಂದಲೇ, "ನಿಮಗೆ ಇದರಲ್ಲಿ ಕಟ್ಟುಪಾಡಿಲ್ಲ, ನೀವು ಬೇಕಾದರೆ ಹೋಟೆಲಲ್ಲಿ ಇರಬಹುದು" ಎಂದರು. ಆ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಆದರೆ ಅಕ್ಕನ ಮಗಳು ಬಾವಿಕಟ್ಟೆಯ ಹತ್ತಿರ ಹೋಗಿ ಅತ್ತಿದ್ದನ್ನು ನಾನು ನೋಡಿದೆ. ನಿನಗೆ ದುಃಖದಲ್ಲಿ ಪಾಲಿಲ್ಲ ಎಂದು ಯಾರಾದರೂ ನಯವಾಗಿ ಹೇಳಿದರೆ ಇನ್ನೇನು ಮಾಡುವುದು?

ಪುರೋಹಿತರು ವಯಸ್ಸಾದವರು, ಒಳ್ಳೆಯವರು. ಕ್ರಿಯೆ ಮಾಡಲು ಯಾರಿಗೆ ಅಧಿಕಾರ ಎಂಬುದಕ್ಕೆ ಶಾಸ್ತ್ರದಲ್ಲಿ ಉದ್ದದ ಪಟ್ಟಿಯಿದೆ, ಮಗನಿಂದ ಶುರುವಾಗಿ ಸ್ನೇಹಿತನ ತನಕ ಬರುತ್ತದೆ, ಯಾರೂ ಇಲ್ಲದವನಿಗೆ ಕೊನೆಗೆ ರಾಜನೇ ಮಾಡಬೇಕು ಎಂದಿದೆ ಎಂದು ವಿವರಿಸಿದರು. "ಪ್ರೀತಿಯಿಂದ ಮಾಡುವವ ಮನೆಯಲ್ಲೇ ಇರುವಾಗ ಪಟ್ಟಿ ಯಾಕೆ?" ಎಂದು ಮುಗಿಸಿದರು.

ಹದಿಮೂರು ದಿನ ಹನ್ನೊಂದು ಜನ ಆ ಎರಡು ಕೋಣೆಯ ಮನೆಯಲ್ಲಿದ್ದೆವು. ಅಕ್ಕ, ಮೂವರು ಮಕ್ಕಳು, ಅಳಿಯಂದಿರು, ಸೊಸೆ, ನಾನು. ಇವರಲ್ಲದೆ ಇನ್ನಿಬ್ಬರಿದ್ದರು. ಒಬ್ಬರು ಅಕ್ಕನ ಮೊದಲ ಗಂಡನ ಅಣ್ಣ, ಸುದ್ದಿ ಕೇಳಿ ಹುಬ್ಬಳ್ಳಿಯಿಂದ ಬಂದಿದ್ದರು. ಇನ್ನೊಬ್ಬರು ಭಾವನ ಮೊದಲ ಹೆಂಡತಿಯ ತಾಯಿ, ಎಂಬತ್ತಾರು ವರ್ಷದ ಅಜ್ಜಿ, ಬೈಂದೂರಿನಿಂದ ಬಂದಿದ್ದರು. ಹನ್ನೊಂದನೆಯದು ಕೈಕೂಸು, ಅದಕ್ಕೆ ಯಾವ ಸೂತಕವೂ ತಿಳಿಯದು. ಒಂದೇ ಬಚ್ಚಲು. ಒಗ್ಗರಣೆಯಿಲ್ಲದ ಸಾರು. ರಾತ್ರಿ ಚಾವಡಿಯಲ್ಲಿ ಸಾಲಾಗಿ ಚಾಪೆ.

ಎರಡನೆಯ ದಿನ ಅಕ್ಕ ಕಬ್ಬಿಣದ ಟ್ರಂಕಿನಿಂದ ಒಂದು ಫೋಟೋ ತೆಗೆದಳು. ಭಾವನ ಮೊದಲ ಹೆಂಡತಿಯದ್ದು. ಮದುವೆಯಾದ ಹೊಸದರಲ್ಲಿ ಡೊಂಬಿವಲಿ ಮನೆಯ ಗೋಡೆಯಲ್ಲಿದ್ದದ್ದು, ಯಾರೋ ಹಿರಿಯರು "ಹೊಸಬಳು ಬಂದ ಮನೆಯಲ್ಲಿ ಬೇಡ" ಎಂದದ್ದಕ್ಕೆ ಒಳಗೆ ಹೋಗಿತ್ತು. ಅಕ್ಕ ಅದನ್ನು ಸೆರಗಿನಿಂದ ಒರೆಸಿ, ಭಾವನ ಫೋಟೋದ ಪಕ್ಕ ಇಟ್ಟು, ಇಬ್ಬರಿಗೂ ಒಂದೇ ದೀಪ ಹಚ್ಚಿದಳು. ಭಾವನ ಮಗಳು ನೋಡಿದಳು, ಏನೂ ಅನ್ನಲಿಲ್ಲ. ಸಂಜೆ ಹೋಗಿ ಚಿಕ್ಕಮ್ಮನ ಪಕ್ಕದಲ್ಲಿ ಚಾಪೆ ಹಾಸಿಕೊಂಡಳು.

ಇಷ್ಟಾದರೆ ಇದು ಒಳ್ಳೆಯ ಕಥೆಯಾಗಿ ಮುಗಿಯುತ್ತಿತ್ತು. ಆರನೆಯ ದಿನ ರಾತ್ರಿ ನಡೆದದ್ದನ್ನೂ ಹೇಳಬೇಕು.

ಯಾವುದೋ ಕಾಗದ ಹುಡುಕಲು ಬೀರು ತೆಗೆದಾಗ ಒಂದು ಫಿಕ್ಸೆಡ್ ಡಿಪಾಸಿಟ್ ರಸೀದಿ ಸಿಕ್ಕಿತು. ಆರು ಲಕ್ಷ. ನಾಮಿನಿ ಅಕ್ಕನ ಮಗ. ಭಾವನ ಮಗಳು ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟಳು. "ನೋಡಿ ಮಾವ, ಅಪ್ಪ ಅವನಿಗೇ ಬರೆದುಬಿಟ್ಟಿದ್ದಾರೆ" ಎಂದಳು. ಬೆಳಿಗ್ಗೆ ‘ಅಣ್ಣ’ ಆಗಿದ್ದವನು ರಾತ್ರಿ ಮತ್ತೆ ‘ಅವನು’ ಆಗಿದ್ದ. ಅವನಿಗೂ ಸಿಟ್ಟು ಬಂತು. "ನನಗೆ ಗೊತ್ತೇ ಇಲ್ಲ. ಆ ದಿನ ಕಾಕಾನ ಜೊತೆ ಬ್ಯಾಂಕಿಗೆ ಹೋಗಿದ್ದೆ, ನನ್ನ ಹೆಸರು ಬರೆದಿರಬೇಕು. ಇದಕ್ಕಾಗಿ ನಾನು ತಲೆ ಬೋಳಿಸಿಕೊಂಡು ಕೂತಿದ್ದೇನಾ?" ಎಂದು ಕೂಗಿದ. ಕೂಗಿ, ಬಾಗಿಲು ತೆಗೆದುಕೊಂಡು ಕತ್ತಲಲ್ಲಿ ಕಡಲ ಕಡೆಗೆ ನಡೆದುಹೋದ. ಅಕ್ಕ ಗೋಡೆಗೆ ಒರಗಿ ಕೂತಳು. ಆ ಮುಖ ನಾನು ನೋಡಬಾರದಿತ್ತು.

ನನಗೆ ಗೊತ್ತಿತ್ತು, ನಾಮಿನಿ ಎಂದರೆ ಒಡೆಯನಲ್ಲ. ವಿಮೆಯ ವಿಷಯದಲ್ಲಿ 1984ರಲ್ಲೇ, ಬ್ಯಾಂಕ್ ಠೇವಣಿಯ ವಿಷಯದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. 2023ರ ಡಿಸೆಂಬರಿನಲ್ಲಿ ಷೇರುಗಳ ವಿಷಯದಲ್ಲೂ ಅದನ್ನೇ ಹೇಳಿತು. ನಾಮಿನಿ ಹಣವನ್ನು ಬ್ಯಾಂಕಿನಿಂದ ಪಡೆದುಕೊಳ್ಳುವವ ಮಾತ್ರ, ಅದು ಸೇರಬೇಕಾದದ್ದು ಕಾನೂನುಬದ್ಧ ವಾರಸುದಾರರಿಗೆ. ಇದನ್ನು ಹೇಳಿದೆ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಹೇಳಿದ ಸತ್ಯ ಯಾರ ಕಿವಿಗೂ ಹೋಗುವುದಿಲ್ಲ. ಇದೇ ಮಾತನ್ನು ಭಾವ ಬದುಕಿದ್ದಾಗ, ಇದೇ ಚಾವಡಿಯಲ್ಲಿ, ಎಲ್ಲರೂ ಕೂತಾಗ ಹೇಳಬಹುದಿತ್ತು. ಉಯಿಲು ಬರೆಯಿರಿ ಎಂದು ಮೂರು ಸಲ ಹೇಳಿದ್ದೆ. "ನೋಡುವ ಮಾರಾಯ" ಎನ್ನುತ್ತಿದ್ದರು. ನಾಲ್ಕನೆಯ ಸಲ ಹೇಳಲು ನನಗೇ ಸಂಕೋಚವಾಗಿತ್ತು. ದಿನವೂ ಅಪರಿಚಿತರಿಗೆ ಹೇಳುವ ಮಾತನ್ನು ಸ್ವಂತದವರಿಗೆ ಹೇಳಲಾಗಲಿಲ್ಲ. ಆ ತಪ್ಪು ನನ್ನದು.

ಮೂಲೆಯಲ್ಲಿ ಗೋಡೆಗೊರಗಿದ್ದ ಅಜ್ಜಿ ಅಷ್ಟು ಹೊತ್ತೂ ಬಾಯಿಬಿಟ್ಟಿರಲಿಲ್ಲ. ಆಮೇಲೆ ನನ್ನನ್ನು ನೋಡಿ, "ಆ ಹುಡುಗ ಎಲ್ಲಿ? ಕರ್ಕೊಂಡ್ ಬಾ ಮಾರಾಯ. ಗಂಜಿ ತಣ್ಗಾತ್" ಎಂದರು. ಆ ಹುಡುಗ ಆಕೆಗೆ ಏನಾಗಬೇಕು? ಸತ್ತ ಮಗಳ ಗಂಡನ ಎರಡನೆಯ ಹೆಂಡತಿಯ ಮೊದಲ ಗಂಡನ ಮಗ! ನನ್ನ ಯಾವ ಫಾರಮ್ಮಿನ ಯಾವ ಕಾಲಮ್ಮಿನಲ್ಲೂ ಇದು ಹಿಡಿಸುವುದಿಲ್ಲ. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಭಾವನ ಮಗಳು ಟಾರ್ಚು ಹಿಡಿದು ಹೊರಟಾಗಿತ್ತು. ಅವರಿಬ್ಬರೂ ಮರಳ ಮೇಲೆ ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಮುಕ್ಕಾಲು ಗಂಟೆಯ ಮೇಲೆ ಇಬ್ಬರೂ ಬಂದು ತಣ್ಣಗಾದ ಗಂಜಿ ಉಂಡರು.

ಹತ್ತನೆಯ ದಿನ ಕಡಲ ದಡದಲ್ಲಿ ಧರ್ಮೋದಕ. ಎಳ್ಳು ನೀರು ಬಿಡುವ ಹೊತ್ತಿಗೆ ಅಕ್ಕ ಪುರೋಹಿತರನ್ನು ಕೇಳಿದಳು, "ಇವರ ಜೊತೆ ಇನ್ನಿಬ್ಬರ ಹೆಸರು ಹೇಳಬಹುದಾ?" ಅವರು ಒಂದು ಕ್ಷಣ ಯೋಚಿಸಿ, ಇವತ್ತಿನ ಕರ್ಮ ಮುಗಿಯಲಿ, ಆಮೇಲೆ ಮನಸ್ಸಿನಲ್ಲಿ ನೆನೆದು ಒಂದೊಂದು ಬೊಗಸೆ ಬಿಡಿ, ನೀರಿಗೆ ಯಾರೂ ಲೆಕ್ಕ ಕೇಳುವುದಿಲ್ಲ ಎಂದರು. ಮುಗಿದ ಮೇಲೆ ಎಲ್ಲರೂ ಬಿಟ್ಟೆವು. ಒಂದು ಬೊಗಸೆ 1990ರಲ್ಲಿ ಹೋದವಳಿಗೆ, ಒಂದು ಬೊಗಸೆ 1988ರಲ್ಲಿ ಹೋದವರಿಗೆ. ಅಕ್ಕನ ಮಗಳಿಗೆ ಹೆತ್ತಪ್ಪನ ಮುಖವೇ ನೆನಪಿಲ್ಲ. ಅವಳು ಅವತ್ತು ಬಿಕ್ಕಿ ಬಿಕ್ಕಿ ಅತ್ತಳು. ಭಾವನ ಮಗಳು ಅವಳ ಭುಜ ಹಿಡಿದು ನಿಂತಿದ್ದಳು.

ಅಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಅದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದೆ.

ಇಂಥ ಮನೆಗಳು ಹೆಚ್ಚಾಗಿ ಹುಟ್ಟುವುದೇ ಸಾವಿನಿಂದ. ಒಂದು ಕಡೆ ಒಬ್ಬ ತಾಯಿ, ಇನ್ನೊಂದು ಕಡೆ ಒಬ್ಬ ತಂದೆ ಹೋದಮೇಲೆ ತಾನೇ ಎರಡು ಅರ್ಧ ಸೇರಿ ಒಂದಾಗುವುದು? ಆದರೆ ಮದುವೆಯ ದಿನ ನಾವೆಲ್ಲ ಆ ಮಕ್ಕಳಿಗೆ ಹೇಳುವುದೇನು? "ಹಳೆಯದನ್ನು ಮರೆತುಬಿಡಿ, ಇನ್ನು ಇವರೇ ನಿಮ್ಮ ಅಪ್ಪ, ಇವರೇ ಅಮ್ಮ." ಫೋಟೋ ಟ್ರಂಕಿಗೆ ಹೋಗುತ್ತದೆ. ಹೋದವರ ಹೆಸರು ಎತ್ತಿದರೆ ಹೊಸಬರಿಗೆ ನೋವಾದೀತು ಎಂಬ ಹೆದರಿಕೆ. ಹೀಗೆ ಒಬ್ಬೊಬ್ಬರೂ ತಮ್ಮ ತಮ್ಮ ಸಾವನ್ನು ಜೇಬಿನಲ್ಲಿಟ್ಟುಕೊಂಡು ಒಂದೇ ಮನೆಯಲ್ಲಿ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತಾರೆ. ಭಾವನ ಸಾವು ಆ ಮನೆಯವರೆಲ್ಲ ಸೇರಿ ಅತ್ತ ಮೊದಲ ಸಾವು. ಅದರ ನೆಪದಲ್ಲಿ ಹಿಂದಿನ ಎರಡು ಸಾವುಗಳಿಗೂ ಅವರು ಒಟ್ಟಿಗೆ ಅತ್ತರು. ಮೂವತ್ತು ವರ್ಷದ ಹಿಂದೆ ಆದ ಮದುವೆ ನಿಜವಾಗಿ ಪೂರ್ತಿಯಾದದ್ದು ಅವತ್ತು ಎಂದು ನನಗನಿಸಿತು.

ಹನ್ನೆರಡನೆಯ ದಿನ ಸಪಿಂಡೀಕರಣ ಎಂದು ಮಾಡುತ್ತಾರೆ. ಸತ್ತವನ ಪಿಂಡವನ್ನು ಹಿರಿಯರ ಪಿಂಡದೊಂದಿಗೆ ಸೇರಿಸುವುದು. ಸತ್ತವರನ್ನು ಕುಟುಂಬದೊಳಗೆ ಬೆರೆಸಲು ನಮ್ಮಲ್ಲಿ ಒಂದು ವಿಧಿಯಿದೆ. ಬದುಕಿದವರನ್ನು ಬೆರೆಸಲು ಏನೂ ಇಲ್ಲ. ನಾವೇ ಮಾಡಿಕೊಳ್ಳಬೇಕು.

ಭಾಷೆಯೂ ನಮಗೆ ಸಹಾಯ ಮಾಡುವುದಿಲ್ಲ ನೋಡಿ. ಮಲತಾಯಿ, ಮಲಮಗ ಎಂದ ಕೂಡಲೇ ಬಾಯಿ ಕಹಿಯಾಗುತ್ತದೆ. ಬಜೆಟ್ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ‘ರಾಜ್ಯಕ್ಕೆ ಕೇಂದ್ರದ ಮಲತಾಯಿ ಧೋರಣೆ’ ಎಂಬ ತಲೆಬರಹ. ಅಕ್ಕ ಒಮ್ಮೆ ಪೇಪರ್ ಮಡಚುತ್ತಾ ನಗುತ್ತಲೇ ಹೇಳಿದ್ದಳು, "ಇದನ್ನು ಬರೆಯುವವರ ಮನೆಯಲ್ಲಿ ನನ್ನಂಥವಳು ಯಾರೂ ಇಲ್ಲವಾ?" ನನ್ನಲ್ಲಿ ಉತ್ತರವಿರಲಿಲ್ಲ. ಶ್ರಾದ್ಧದ ಮಂತ್ರ ಬರೆದವರಿಗೆ ಮಾತ್ರ ಈ ಕಹಿ ಇದ್ದಂತಿಲ್ಲ. ಮಹಾಲಯದಲ್ಲಿ ಸರ್ವಪಿತೃ ತರ್ಪಣ ಕೊಡುವಾಗ ತಾಯಿ, ಅಜ್ಜಿಯರ ಜೊತೆ ಸಾಪತ್ನಮಾತೆಗೂ, ಎಂದರೆ ತಂದೆಯ ಇನ್ನೊಬ್ಬ ಹೆಂಡತಿಗೂ ನೀರಿದೆ. ಸ್ನೇಹಿತರಿಗೂ ಇದೆ, ಗುರುಗಳಿಗೂ ಇದೆ.

ನಮ್ಮ ಪುರಾಣಗಳಲ್ಲೂ ಇದೇ ಇದೆಯಲ್ಲ. ದಶರಥ ಸತ್ತಾಗ ರಾಮ ಕಾಡಿನಲ್ಲಿ. ಕರ್ಮ ಮಾಡಿದವನು ಭರತ. ಆಮೇಲೆ ಭರತ ಮೂವರು ತಾಯಂದಿರನ್ನೂ ಕರೆದುಕೊಂಡು ಚಿತ್ರಕೂಟಕ್ಕೆ ಬಂದ. ಯಾರಿಂದ ಇಷ್ಟೆಲ್ಲ ಆಯಿತೋ ಆ ಕೈಕೇಯಿಯೂ ಬಂದಳು. ಸುದ್ದಿ ಕೇಳಿದ ರಾಮ ಮಂದಾಕಿನಿಯ ದಡದಲ್ಲಿ ಇಂಗುದಿಯ ಹಿಟ್ಟಿನಿಂದ ಪಿಂಡ ಇಟ್ಟ ಎಂದು ವಾಲ್ಮೀಕಿ ಬರೆಯುತ್ತಾನೆ. ರಾಜ್ಯದ ತಕರಾರು ಇನ್ನೂ ಬಗೆಹರಿದಿರಲಿಲ್ಲ. ಆದರೆ ಅಳುವಾಗ ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ.

ಮಹಾಭಾರತದಲ್ಲಿ ಇದರ ಉಲ್ಟಾ. ಯುದ್ಧ ಮುಗಿದು ಗಂಗೆಯ ದಡದಲ್ಲಿ ಎಲ್ಲರಿಗೂ ತರ್ಪಣ ಕೊಡುವ ಹೊತ್ತಿಗೆ ಕುಂತಿ ಬಾಯಿಬಿಡುತ್ತಾಳೆ. ಕರ್ಣ ನಿಮ್ಮ ಹಿರಿಯಣ್ಣ, ಅವನಿಗೂ ನೀರು ಕೊಡಿ ಎನ್ನುತ್ತಾಳೆ. ಧರ್ಮರಾಯ ಕುಸಿದುಹೋಗುತ್ತಾನೆ. ಆ ಮಾತು ಹದಿನೆಂಟು ದಿನ ಮೊದಲು ಬಂದಿದ್ದರೆ? ಬದುಕಿದ್ದಾಗ ‘ಇವನು ನಮ್ಮವನು’ ಎಂದು ಹೇಳದೆ ತರ್ಪಣದ ಹೊತ್ತಿಗೆ ಹೇಳಿದರೆ ನೀರು ಸಿಗುತ್ತದೆ, ಅಣ್ಣ ಸಿಗುವುದಿಲ್ಲ.

ಇದು ಪುರಾಣದ ಮಾತಾಯಿತು ಎನ್ನಬೇಡಿ. ಗಿರೀಶ ಕಾರ್ನಾಡರ ತಾಯಿ ಕೃಷ್ಣಾಬಾಯಿಯವರು ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ಒಬ್ಬ ಮಗನಿದ್ದು, ಡಾಕ್ಟರ್ ರಘುನಾಥ ಕಾರ್ನಾಡರನ್ನು ಮದುವೆಯಾದವರು. ಅದು ವಿಧವೆ ಮರುಮದುವೆ ಎಂದರೆ ಊರೇ ಮುಖ ತಿರುಗಿಸುತ್ತಿದ್ದ ಕಾಲ. 2011ರಲ್ಲಿ ಬಂದ ‘ಆಡಾಡತಾ ಆಯುಷ್ಯ’ದಲ್ಲಿ ಕಾರ್ನಾಡರು ಇದನ್ನು ಮುಚ್ಚಿಡದೆ ಬರೆದಿದ್ದಾರೆ. ಮುಚ್ಚಿಡದಿರುವುದೇ ದೊಡ್ಡದು.

"ದುಃಖದ ಮನೆಯಲ್ಲಿ ಆಸ್ತಿಯ ಮಾತು ಯಾಕೆ?" ಎಂದು ನೀವು ಕೇಳಬಹುದು. ಅದನ್ನೇ ನಾನೂ ಹೇಳುವುದು. ಬರಬಾರದು. ಬರಬಾರದು ಎಂದರೆ ಆ ಮಾತು ಮೊದಲೇ ಮುಗಿದಿರಬೇಕು. ರಕ್ತಸಂಬಂಧದ ಮನೆಯಲ್ಲಿ ಉಯಿಲಿಲ್ಲದಿದ್ದರೂ ಹೇಗೋ ನಡೆದೀತು, ಕಾನೂನು ಅಲ್ಲಿ ಮನಸ್ಸಿನ ಹತ್ತಿರ ಹತ್ತಿರ ಇರುತ್ತದೆ. ಎರಡು ಮನೆ ಸೇರಿದ ಮನೆಯಲ್ಲಿ ಕಾನೂನು ಒಂದು ಕಡೆ, ಮನಸ್ಸು ಇನ್ನೊಂದು ಕಡೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಸ್ವಯಾರ್ಜಿತ ಆಸ್ತಿ ಮೊದಲು ಹೋಗುವುದು ಒಂದನೇ ವರ್ಗದ ವಾರಸುದಾರರಿಗೆ. ಹೆಂಡತಿ, ಅವನ ಮಕ್ಕಳು, ತಾಯಿ ಮುಂತಾದವರು. ಹೆಂಡತಿಯ ಮೊದಲ ಮದುವೆಯ ಮಕ್ಕಳು ಅದರಲ್ಲಿಲ್ಲ. ಸಾಕಿದ್ದು, ಓದಿಸಿದ್ದು, ತಲೆ ಬೋಳಿಸಿಕೊಂಡದ್ದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಹೆಂಗಸು ತೀರಿಕೊಂಡರೆ ಅವಳ ಆಸ್ತಿ ಅವಳ ಮಕ್ಕಳಿಗೆ ಮತ್ತು ಗಂಡನಿಗೆ. ‘ಮಕ್ಕಳು’ ಎಂದರೆ ಗಂಡನ ಮೊದಲ ಹೆಂಡತಿಯ ಮಕ್ಕಳು ಸೇರುವುದಿಲ್ಲ, ಅವರು ಗಂಡನ ವಾರಸುದಾರರಾಗಿ ಎರಡನೆಯ ಸಾಲಿನಲ್ಲಿ ಬರುತ್ತಾರೆ ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ಲಚ್ಮನ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಮೊದಲನೆಯ ಸಾಲಿನಲ್ಲಿ ಒಬ್ಬರಿದ್ದರೂ ಎರಡನೆಯ ಸಾಲಿಗೆ ಏನೂ ಉಳಿಯುವುದಿಲ್ಲ. ಮಲತಾಯಿಗೂ ಮಲಮಗನ ಆಸ್ತಿಯಲ್ಲಿ ತಾಯಿಯ ಸ್ಥಾನವಿಲ್ಲ, ‘ತಂದೆಯ ವಿಧವೆ’ ಎಂದು ಎರಡನೇ ವರ್ಗದಲ್ಲೆಲ್ಲೋ ಇದ್ದಾಳೆ.

ಕಾನೂನನ್ನು ಬೈದು ಪ್ರಯೋಜನವಿಲ್ಲ. ಅದಕ್ಕೆ ಚಾವಡಿಯ ಚಾಪೆಗಳು ಕಾಣುವುದಿಲ್ಲ, ಕಾಗದ ಮಾತ್ರ ಕಾಣುತ್ತದೆ. ಆದ್ದರಿಂದ ಕಾಗದ ಕೊಡಿ ಎಂಬುದೇ ನನ್ನ ವಾದ. ಉಯಿಲಿಗೆ ಸ್ಟ್ಯಾಂಪ್ ಪೇಪರ್ ಬೇಡ, ನೋಂದಣಿಯೂ ಕಡ್ಡಾಯವಲ್ಲ (ಮಾಡಿಸಿದರೆ ಒಳ್ಳೆಯದು). ಬಿಳಿ ಹಾಳೆಯಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ಅವರಿಬ್ಬರ ಸಹಿಯನ್ನೂ ಪಡೆದರೆ ಸಾಕು. ಆಸ್ತಿ ಪಡೆಯುವವರೇ ಸಾಕ್ಷಿಯಾಗಬಾರದು, ಅಷ್ಟು ನೋಡಿಕೊಳ್ಳಿ. ಮಗು ಚಿಕ್ಕದಿದ್ದಾಗಲೇ ಮರುಮದುವೆಯಾಗಿದ್ದರೆ ದತ್ತು ತೆಗೆದುಕೊಳ್ಳುವ ದಾರಿಯೂ ಇದೆ. ವಯಸ್ಸಿನ ಮಿತಿಯಿದೆ, ಒಬ್ಬ ವಕೀಲರನ್ನು ಬೇಗ ಕೇಳಿ. ಬ್ಯಾಂಕ್ ಠೇವಣಿಗೆ 2025ರ ನವೆಂಬರ್ 1ರಿಂದ ನಾಲ್ವರ ತನಕ ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಪಾಲು ಎಂದೂ ಬರೆಯಬಹುದು. ಮೂವರು ಮಕ್ಕಳಿದ್ದರೆ ಮೂವರ ಹೆಸರೂ ಬರೆಯಿರಿ. ಆದರೆ ನಾಮಿನೇಷನ್ ಉಯಿಲಲ್ಲ ಎಂಬುದನ್ನು ಮರೆಯಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಬರೆದದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಎಲ್ಲ ಮಕ್ಕಳನ್ನೂ ಕೂರಿಸಿಕೊಂಡು ಹೇಳಿ. ಸಮಪಾಲು ಕೊಡಲೇಬೇಕೆಂದು ನಾನು ಹೇಳುತ್ತಿಲ್ಲ. ಹೆತ್ತ ಮಗಳ ಭಯವೂ ಭಯವೇ. ಅವಳ ಅಮ್ಮನ ಫೋಟೋ ಹೋದ ಹಾಗೆ ಅವಳ ಪಾಲೂ ಹೋಗುತ್ತದೆಯೇ ಎಂದು ಅವಳು ಹೆದರಿದರೆ ಅದು ದುರಾಸೆಯಲ್ಲ. ಎಷ್ಟಾದರೂ ಕೊಡಿ, ಯಾಕೆಂದು ನಿಮ್ಮ ಬಾಯಿಂದಲೇ ಹೇಳಿ. ನೀವು ಹೋದ ಮೇಲೆ ರಸೀದಿ ಹೇಳಿದರೆ ಅದು ಬೇರೆಯೇ ಅರ್ಥ ಹೇಳುತ್ತದೆ.

ಮುಂದೇನಾಯಿತು ಎಂದರೆ, ಅಕ್ಕನ ಮಗ ಆ ಆರು ಲಕ್ಷ ಪಡೆದು ತಾಯಿಗೆ ಅರ್ಧ, ತಂಗಿಗೆ ಅರ್ಧ ಕೊಟ್ಟ. ಹೌದು, ಈಗ ತಂಗಿ ಎಂದೇ ಹೇಳುತ್ತಾನೆ. ಮರವಂತೆಯ ಮನೆ 2023ರಲ್ಲಿ ಅಕ್ಕ ಮತ್ತು ಭಾವನ ಮಗಳ ಹೆಸರಿಗೆ ಬಂತು. 2024ರಲ್ಲಿ ಅಕ್ಕ ತನ್ನ ಅರ್ಧವನ್ನು ಮೂವರು ಮಕ್ಕಳಿಗೂ ಸಮನಾಗಿ ಉಯಿಲು ಬರೆದಳು. ಮೂವರನ್ನೂ ಎದುರಿಗೆ ಕೂರಿಸಿ ನಾನೇ ಗಟ್ಟಿಯಾಗಿ ಓದಿದೆ, ಸಾಕ್ಷಿಯಲ್ಲೊಬ್ಬ ನಾನೇ. ಭಾವನ ಮಗಳು ತನ್ನ ಅರ್ಧವನ್ನು ಏನು ಮಾಡುತ್ತಾಳೆ ಎಂದು ಯಾರೂ ಕೇಳಿಲ್ಲ. ಅದು ಅವಳ ಹಕ್ಕು. ಆರನೆಯ ರಾತ್ರಿಯ ಗಾಯ ಪೂರ್ತಿ ಮಾಯಿದೆ ಎಂದೂ ನಾನು ಹೇಳಲಾರೆ. ಆದರೆ ಪ್ರತಿವರ್ಷ ತಿಥಿಗೆ ಎಲ್ಲರೂ ಬರುತ್ತಾರೆ, ಅದೇ ಒಂದು ಬಚ್ಚಲಿಗೆ ಸಾಲು ನಿಲ್ಲುತ್ತಾರೆ. ಗೋಡೆಯಲ್ಲಿ ಈಗ ಮೂರು ಫೋಟೋ ಇದೆ. ಮೂರನೆಯದು ಅಕ್ಕನ ಮೊದಲ ಗಂಡನದ್ದು, ತಂದು ಹಾಕಿದವಳು ಭಾವನ ಮಗಳು.

ಆ ಕ್ಲೇಮ್ ಫಾರಂ ತುಂಬುವಾಗ ಅಕ್ಕನ ಮಗನೂ ‘ಸಂಬಂಧ’ದ ಕಾಲಮ್ಮಿನ ಮುಂದೆ ಪೆನ್ನು ಹಿಡಿದು ಕೂತಿದ್ದ. ನನಗೆ ಫೋನ್ ಮಾಡಿ ಕೇಳಿದ. ಹೆಂಡತಿಯ ಮೊದಲ ಮದುವೆಯ ಮಗ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆ, ಬ್ಯಾಂಕಿಗೆ ಸುಳ್ಳು ಬೇಡ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ, "ಬರೆದೆ ಮಾವ. ಜಾಗ ಸಾಲಲಿಲ್ಲ" ಎಂದ.

ನಿಮ್ಮ ಮನೆಯಲ್ಲೂ ಇಂಥ ಕಾಲಂ ಇದ್ದರೆ, ದಯವಿಟ್ಟು ನೀವಿರುವಾಗಲೇ ತುಂಬಿಬಿಡಿ.